ಕಿಸೆಯಲ್ಲೊಂದು ಪುಟ್ಟ ಕ್ಯಾಮೆರಾ: ಕೊಳ್ಳುವುದು, ಬಳಸುವುದು, ಕಾಪಾಡುವುದು

ಅನೇಕ ಮನೆಗಳ ಕಪಾಟಿನ ಮೂಲೆಯಲ್ಲಿ ಅದು ಇಂದಿಗೂ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಬೆಳ್ಳಿ ಬಣ್ಣದ ಪೆಟ್ಟಿಗೆ, ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವ ದಾರ, ಗುಂಡಿ ಒತ್ತಿದೊಡನೆ ಸಣ್ಣ ಸದ್ದಿನೊಂದಿಗೆ ಹೊರಚಾಚುವ ಮಸೂರ. 2000ರ ದಶಕದಲ್ಲಿ ಶಾಲೆಯ ಪ್ರವಾಸ, ಊರ ಜಾತ್ರೆ, ಅಕ್ಕನ ಮದುವೆ ಎಲ್ಲಕ್ಕೂ ಸಾಕ್ಷಿಯಾಗಿದ್ದ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ ಅದು. ಮೊಬೈಲ್ ಫೋನ್‌ನ ಅಬ್ಬರದಲ್ಲಿ ಮೂಲೆ ಸೇರಿದ್ದ ಈ ಯಂತ್ರ 2022ರ ಆಸುಪಾಸಿನಿಂದ ಮತ್ತೆ ಯುವಜನರ ಕೈಗೆ ಬಂದಿದೆ.

ಕೈಯಲ್ಲಿ ಫೋನ್ ಇರುವಾಗ ಇದರ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಮಂದ ಬೆಳಕಿನಲ್ಲಿ ಇಂದಿನ ಉತ್ತಮ ಫೋನ್ ಹಳೆಯ ಕಾಂಪ್ಯಾಕ್ಟ್‌ಗಿಂತ ಚೆನ್ನಾಗಿ ಚಿತ್ರ ತೆಗೆಯುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ದೂರದ ದೃಶ್ಯವನ್ನು ಮಸೂರದಿಂದಲೇ ಹತ್ತಿರಕ್ಕೆ ತರುವ ಶಕ್ತಿ, ನೈಜ ಫ್ಲ್ಯಾಶ್, ಕಳಚಿ ಬದಲಿಸಬಹುದಾದ ಬ್ಯಾಟರಿ ಇವು ಬಹುತೇಕ ಫೋನ್‌ಗಳಲ್ಲಿ ಇಲ್ಲ. ಚಿತ್ರ ತೆಗೆಯುವಾಗ ಕರೆ, ಸಂದೇಶಗಳ ಕಾಟವೂ ಇಲ್ಲ. ಹತ್ತು ವರ್ಷದ ಮಗುವಿನ ಕೈಗೂ ಎಪ್ಪತ್ತರ ಅಜ್ಜನ ಕೈಗೂ ನಿಶ್ಚಿಂತೆಯಿಂದ ಕೊಡಬಹುದು.

ನಡೆದು ಬಂದ ದಾರಿ

ಡಿಜಿಟಲ್ ಛಾಯಾಗ್ರಹಣದ ಬೇರು 1969ರಲ್ಲಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಆ ವರ್ಷ ಸಿಸಿಡಿ ಎಂಬ ಸಾಧನವನ್ನು ಕಂಡುಹಿಡಿದರು. ಬೆಳಕನ್ನು ವಿದ್ಯುತ್ತಾಗಿಸಿ ಅಳೆಯಬಲ್ಲ ಈ ಚಿಪ್‌ಗಾಗಿ 2009ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. 1975ರ ಡಿಸೆಂಬರ್‌ನಲ್ಲಿ ಕೊಡಾಕ್‌ನ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಸಿಸಿಡಿ ಬಳಸಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಅದರ ತೂಕ ಸುಮಾರು 3.6 ಕಿಲೋ. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡ್ ಬೇಕಾಗುತ್ತಿತ್ತು.

ಜನಸಾಮಾನ್ಯರ ಕೈಗೆ ಬಂದದ್ದು ಬಹಳ ತಡವಾಗಿ. 1995ರಲ್ಲಿ ಬಂದ ಕ್ಯಾಸಿಯೊ ಕ್ಯೂವಿ-10 ಬೆನ್ನಿನ ಮೇಲೆ ಪುಟ್ಟ ಪರದೆಯನ್ನು ಹೊತ್ತಿತ್ತು. ತೆಗೆದ ಚಿತ್ರವನ್ನು ಅಲ್ಲಿಯೇ ನೋಡುವ ಅಭ್ಯಾಸ ಹರಡಿದ್ದು ಅದರಿಂದ. 2000ರಲ್ಲಿ ಕ್ಯಾನನ್‌ನ ಡಿಜಿಟಲ್ ಇಕ್ಸಸ್ 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಅಂಗಿಯ ಕಿಸೆಗೆ ಇಳಿಸಿತು. ಅದೇ ವರ್ಷ ಜಪಾನಿನಲ್ಲಿ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನ್ ಮಾರುಕಟ್ಟೆಗೆ ಬಂತು. ಕಾಂಪ್ಯಾಕ್ಟ್‌ನ ಏಳಿಗೆ ಮತ್ತು ಅಳಿವಿನ ಬೀಜಗಳು ಒಂದೇ ವರ್ಷ ಮೊಳೆತವು ಎನ್ನಬಹುದು.

ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ರವಾನೆಯಾದವು. ಅವುಗಳಲ್ಲಿ ಬಹುಪಾಲು ಕಾಂಪ್ಯಾಕ್ಟ್‌ಗಳೇ. 2023ರಲ್ಲಿ ಒಟ್ಟು ಸಂಖ್ಯೆ 80 ಲಕ್ಷಕ್ಕಿಂತ ಕೆಳಗಿತ್ತು. ಹೀಗಾಗಿ ಇಂದು ಕಾಂಪ್ಯಾಕ್ಟ್ ಬೇಕೆನ್ನುವ ಅನೇಕರ ಪಾಲಿಗೆ ಉಳಿದಿರುವುದು ಕಪಾಟಿನ ಹಳೆಯ ಕ್ಯಾಮೆರಾ ಅಥವಾ ಬಳಸಿದ ವಸ್ತುಗಳ ಮಾರುಕಟ್ಟೆ.

ಒಳಗಿರುವ ಪುಟ್ಟ ಕಣ್ಣು

ಕ್ಯಾಮೆರಾದ ಮೈಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದು ಮೆಗಾಪಿಕ್ಸೆಲ್. ಆದರೆ ಚಿತ್ರದ ಗುಣವನ್ನು ಹೆಚ್ಚಾಗಿ ನಿರ್ಧರಿಸುವುದು ಒಳಗಿನ ಸೆನ್ಸರ್‌ನ ಅಳತೆ. ಸಾಮಾನ್ಯ ಕಾಂಪ್ಯಾಕ್ಟ್‌ನ 1/2.3 ಇಂಚಿನ ಸೆನ್ಸರ್ ವಾಸ್ತವದಲ್ಲಿ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಹೆಚ್ಚುಕಡಿಮೆ ಒಂದು ಕಡಲೆಬೇಳೆಯಷ್ಟು. ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟು ಇದರ ಮೂವತ್ತು ಪಟ್ಟು ವಿಸ್ತಾರವಾದದ್ದು. ಇಷ್ಟು ಚಿಕ್ಕ ಜಾಗದಲ್ಲಿ ಕೋಟ್ಯಂತರ ಬಿಂದುಗಳನ್ನು ತುರುಕಿದರೆ ಒಂದೊಂದು ಬಿಂದುವಿಗೂ ದಕ್ಕುವ ಬೆಳಕು ಅತ್ಯಲ್ಪ. ಸಂಜೆಯಾಗುತ್ತಿದ್ದಂತೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವುದು ಈ ಕಾರಣದಿಂದ.

ಹಾಗಾದರೆ ಎಷ್ಟು ಮೆಗಾಪಿಕ್ಸೆಲ್ ಸಾಕು? ಆಲ್ಬಮ್ಮಿಗೆ ಹಾಕುವ 4x6 ಇಂಚಿನ ಪ್ರತಿಯನ್ನು ಇಂಚಿಗೆ 300 ಬಿಂದುಗಳಂತೆ ಮುದ್ರಿಸಲು ಸುಮಾರು 2.2 ಮೆಗಾಪಿಕ್ಸೆಲ್ ಸಾಕು. ಗೋಡೆಗೆ ತೂಗುಹಾಕುವ 8x10 ಇಂಚಿನ ಚಿತ್ರಕ್ಕೆ 7.2 ಬೇಕು. ಆದ್ದರಿಂದ 6ರಿಂದ 8 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾಮೆರಾವನ್ನು ಹೀಗಳೆಯಬೇಕಿಲ್ಲ. ಹೆಚ್ಚಿನ ಗುಣಮಟ್ಟ ಬಯಸುವವರು ಒಂದು ಇಂಚಿನ ಸೆನ್ಸರ್ ಇರುವ ಮಾದರಿಗಳನ್ನು ನೋಡಬಹುದು. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಈ ಬಗೆಯದು. ಇದರ ಸೆನ್ಸರ್ ಸಾಮಾನ್ಯ ಕಾಂಪ್ಯಾಕ್ಟ್‌ಗಿಂತ ನಾಲ್ಕು ಪಟ್ಟು ವಿಸ್ತಾರವಾದದ್ದು.

ಜೂಮ್ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಆಪ್ಟಿಕಲ್ ಜೂಮ್ ಎಂದರೆ ಮಸೂರ ಚಲಿಸಿ ದೃಶ್ಯವನ್ನು ಹಿಗ್ಗಿಸುವುದು. ಡಿಜಿಟಲ್ ಜೂಮ್ ಎಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಎಳೆಯುವುದು. ಎರಡನೆಯದನ್ನು ಮೆನುವಿನಲ್ಲಿ ಶಾಶ್ವತವಾಗಿ ನಿಲ್ಲಿಸಿಬಿಡುವುದು ಒಳಿತು.

ಹಳೆಯದನ್ನು ಕೊಳ್ಳುವಾಗ

ಬಳಸಿದ ಕ್ಯಾಮೆರಾ ಕೊಳ್ಳುವವರು ಬೆಲೆ ಮಾತಾಡುವ ಮುನ್ನ ಈ ಅಂಶಗಳನ್ನು ಪರೀಕ್ಷಿಸಬೇಕು.

* ಮಸೂರ: ಕ್ಯಾಮೆರಾವನ್ನು ನಾಲ್ಕೈದು ಬಾರಿ ಆನ್ ಮತ್ತು ಆಫ್ ಮಾಡಿ ನೋಡಿ. ಮಸೂರ ತಡವರಿಸಿದರೆ ಅಥವಾ ಕರಕರ ಎಂದರೆ ಒಳಗೆ ಮರಳು ಸೇರಿರಬಹುದು. ದೀಪದ ಎದುರು ಹಿಡಿದು ಒಳಗೆ ಜೇಡರ ಬಲೆಯಂತಹ ಗೆರೆಗಳಿವೆಯೇ ನೋಡಿ. ಅದು ಶಿಲೀಂಧ್ರ.

* ಬ್ಯಾಟರಿ: ಊದಿಕೊಂಡ ಬ್ಯಾಟರಿ ಅಪಾಯಕಾರಿ, ಅದನ್ನು ಬಳಸಲೇಬಾರದು. ಅದೇ ಮಾದರಿಯ ಹೊಸ ಬ್ಯಾಟರಿ ಮತ್ತು ಚಾರ್ಜರ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಕ್ಯಾನನ್ ಪವರ್‌ಶಾಟ್ 'ಎ' ಸರಣಿಯ ಅನೇಕ ಮಾದರಿಗಳು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಎ ಸೆಲ್‌ಗಳಲ್ಲಿ ನಡೆಯುತ್ತವೆ. ಪ್ರವಾಸಿಗರಿಗೆ ಇದು ದೊಡ್ಡ ಅನುಕೂಲ.

* ಮೆಮೊರಿ ಕಾರ್ಡ್: ಹೆಚ್ಚಿನವರು ಎಡವುವುದು ಇಲ್ಲಿ. 2 ಜಿಬಿವರೆಗಿನ ಕಾರ್ಡ್ ಎಸ್‌ಡಿ, ಅಲ್ಲಿಂದ 32 ಜಿಬಿವರೆಗೆ ಎಸ್‌ಡಿಎಚ್‌ಸಿ, ಅದಕ್ಕೂ ಮೇಲೆ ಎಸ್‌ಡಿಎಕ್ಸ್‌ಸಿ. ಎಸ್‌ಡಿಎಚ್‌ಸಿ ಬಂದದ್ದು 2006ರಲ್ಲಿ. ಅದಕ್ಕೂ ಹಿಂದಿನ ಕ್ಯಾಮೆರಾಗೆ 16 ಜಿಬಿ ಕಾರ್ಡ್ ಹಾಕಿದರೆ ಅದು ಗುರುತಿಸದು. ಸೋನಿಯ ಹಳೆಯ ಮಾದರಿಗಳಿಗೆ ಮೆಮೊರಿ ಸ್ಟಿಕ್, ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್‌ನ ಅನೇಕ ಹಳೆಯ ಮಾದರಿಗಳಿಗೆ ಎಕ್ಸ್‌ಡಿ ಕಾರ್ಡ್ ಬೇಕು. ಇವು ಈಗ ಸುಲಭವಾಗಿ ದೊರೆಯುವುದಿಲ್ಲ.

* ಗಡಿಯಾರ: ದಿನಾಂಕ ಸರಿಪಡಿಸಿ, ಬ್ಯಾಟರಿ ತೆಗೆದು ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಹಾಕಿ. ದಿನಾಂಕ ಅಳಿಸಿಹೋದರೆ ಒಳಗಿನ ಸಣ್ಣ ಬ್ಯಾಟರಿ ಸತ್ತಿದೆ ಎಂದರ್ಥ. ಬ್ಯಾಟರಿ ಬದಲಿಸಿದಾಗಲೆಲ್ಲ ಮತ್ತೆ ಹೊಂದಿಸದಿದ್ದರೆ ಚಿತ್ರಗಳು ತಪ್ಪು ವರ್ಷ ಹೊತ್ತು ಕಂಪ್ಯೂಟರ್‌ನಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆ.

ಪ್ರವಾಸದಲ್ಲಿ ಬಳಕೆ

ಹಳೆಯ ಕಾಂಪ್ಯಾಕ್ಟ್‌ನ ದೊಡ್ಡ ದೌರ್ಬಲ್ಯ ನಿಧಾನ. ಗುಂಡಿ ಒತ್ತಿದ ಮೇಲೆ ಫೋಕಸ್ ಹಿಡಿಯಲು ಅದು ಅರೆಕ್ಷಣ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮಗುವಿನ ನಗು ಮಾಯವಾಗಿರುತ್ತದೆ. ಪರಿಹಾರ ಸರಳ. ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ; ಪರದೆಯ ಮೇಲಿನ ಚೌಕ ಹಸಿರಾದ ಮೇಲೆ ಕಾಯಿರಿ; ಬೇಕಾದ ಗಳಿಗೆ ಬಂದಾಗ ಪೂರ್ತಿ ಒತ್ತಿರಿ. ಇದೊಂದನ್ನು ರೂಢಿಸಿಕೊಂಡರೆ ಹಾಳಾಗುವ ಚಿತ್ರಗಳು ಎಷ್ಟೋ ಕಡಿಮೆಯಾಗುತ್ತವೆ.

ಹಂಪಿಯ ನಡುಹಗಲಿನ ಬಿಸಿಲನ್ನು ನೆನೆಯಿರಿ. ಕಲ್ಲಿನ ರಥದ ಮುಂದೆ ನಿಂತವರ ಹಣೆ ಹೊಳೆಯುತ್ತದೆ, ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಆಗ ಫ್ಲ್ಯಾಶ್ ಹಾಕಬೇಕು. ಬಿಸಿಲಿನಲ್ಲಿ ಫ್ಲ್ಯಾಶ್ ಏಕೆ ಎಂದು ನಗುವವರಿದ್ದಾರೆ. ಆದರೆ ನೆರಳನ್ನು ತುಂಬುವುದು ಅದೇ. ಇನ್ನೂ ಒಳ್ಳೆಯ ದಾರಿಯೆಂದರೆ ಮುಂಜಾನೆ ಅಥವಾ ಇಳಿಹೊತ್ತಿಗೆ ಹೋಗುವುದು. ಪುಟ್ಟ ಸೆನ್ಸರ್‌ಗೆ ಆಗಿನ ಓರೆ ಬೆಳಕು ಬಲು ಹಿತ.

ವಿಜಯಪುರದ ಗೋಳಗುಮ್ಮಟದ ಒಳಗೆ ಇದಕ್ಕೆ ತದ್ವಿರುದ್ಧ. ಕಾಂಪ್ಯಾಕ್ಟ್‌ನ ಫ್ಲ್ಯಾಶ್ ತಲುಪುವುದು ಸಾಮಾನ್ಯವಾಗಿ ಮೂರು-ನಾಲ್ಕು ಮೀಟರ್ ಮಾತ್ರ. ವಿಶಾಲವಾದ ಗುಮ್ಮಟಕ್ಕೆ ಅದು ಬೆಂಕಿಕಡ್ಡಿ ಗೀರಿದಂತೆ. ಅಲ್ಲಿ ಫ್ಲ್ಯಾಶ್ ಆರಿಸಿ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವುದೇ ಉಪಾಯ.

ಬೇಲೂರಿನ ಮದನಿಕೆಯರು ಮಾಡಿನ ಅಂಚಿನಲ್ಲಿ, ತಲೆಯೆತ್ತಿ ನೋಡುವ ಎತ್ತರದಲ್ಲಿದ್ದಾರೆ. ಆಪ್ಟಿಕಲ್ ಜೂಮ್ ಸಾರ್ಥಕವಾಗುವುದು ಇಂತಹ ಕಡೆ. ಆದರೆ ಜೂಮ್ ಹೆಚ್ಚಿದಷ್ಟೂ ಮಸೂರದೊಳಗೆ ಬರುವ ಬೆಳಕು ಕಡಿಮೆಯಾಗುತ್ತದೆ, ಕೈನಡುಕ ದೊಡ್ಡದಾಗಿ ಕಾಣುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು ಗುಂಡಿ ಒತ್ತಬೇಕು.

ಮೈಸೂರು ಅರಮನೆಯ ಭಾನುವಾರದ ದೀಪಾಲಂಕಾರಕ್ಕೆ ಸುಮಾರು ಒಂದು ಲಕ್ಷ ಬಲ್ಬುಗಳು ಬೆಳಗುತ್ತವೆ. ಆಟೊ ವಿಧಾನದಲ್ಲಿ ತೆಗೆದರೆ ಎದುರಿಗಿದ್ದವರ ತಲೆಗಳು ಫ್ಲ್ಯಾಶ್‌ಗೆ ಬಿಳುಪೇರಿ, ಅರಮನೆ ಮಸುಕಾಗುತ್ತದೆ. ಫ್ಲ್ಯಾಶ್ ಆರಿಸಿ, ಐಎಸ್‌ಒ ಸಂಖ್ಯೆಯನ್ನು 80 ಅಥವಾ 100ಕ್ಕೆ ಇಳಿಸಿ, ಕ್ಯಾಮೆರಾವನ್ನು ಕಟ್ಟೆ ಅಥವಾ ಚೀಲದ ಮೇಲಿಟ್ಟು ಎರಡು ಸೆಕೆಂಡಿನ ಟೈಮರ್ ಬಳಸಿ. ಗುಂಡಿ ಒತ್ತಿದ ಅದುರು ನಿಂತ ಮೇಲೆ ಚಿತ್ರ ಮೂಡುತ್ತದೆ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತ ಅನುಮತಿ ಬೇಕು ಎಂಬುದು ನೆನಪಿರಲಿ. ಅನೇಕ ದೇವಸ್ಥಾನಗಳ ಗರ್ಭಗುಡಿಯ ಎದುರು ಚಿತ್ರ ತೆಗೆಯುವಂತಿಲ್ಲ. ನಿಯಮ ಸ್ಥಳದಿಂದ ಸ್ಥಳಕ್ಕೆ ಬೇರೆಯಾದ್ದರಿಂದ ದ್ವಾರದಲ್ಲಿಯೇ ಕೇಳಿಕೊಳ್ಳುವುದು ಲೇಸು. ಅಪರಿಚಿತರ ಚಿತ್ರ ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳುವುದು ನಿಯಮಕ್ಕಿಂತ ಮಿಗಿಲಾದ ಸೌಜನ್ಯ.

ಮಳೆ, ಮರಳು, ಬ್ಯಾಟರಿ

ಜೋಗದ ತುಂತುರು, ಆಗುಂಬೆಯ ಮಂಜು, ಗೋಕರ್ಣದ ಮರಳು ಈ ಮೂರೂ ಕಾಂಪ್ಯಾಕ್ಟ್‌ನ ವೈರಿಗಳು. ಹೊರಚಾಚುವ ಮಸೂರದ ಸಂದಿಗಳಿಂದ ನೀರಾವಿ, ಮರಳು ನೇರವಾಗಿ ಒಳಗಿಳಿಯುತ್ತವೆ. ಕಡಲತೀರದಲ್ಲಿ ಕ್ಯಾಮೆರಾವನ್ನು ಬರಿ ಮರಳಿನ ಮೇಲೆ ಇಡಲೇಬಾರದು. ಎಸಿ ಬಸ್ಸಿನಿಂದ ಸೆಕೆಯ ಹೊರಗಾಳಿಗೆ ಇಳಿದಾಗ ಮಸೂರದ ಮೇಲೆ ಮಂಜು ಕಟ್ಟುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಯೇ ಹತ್ತು-ಹದಿನೈದು ನಿಮಿಷ ಬಿಟ್ಟು ಹೊರತೆಗೆದರೆ ಈ ತೊಂದರೆ ತಪ್ಪುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲ ಕಳೆಯುವವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಚರ್ಮದ ಚೀಲ ತೇವ ಹೀರುವುದರಿಂದ ದೀರ್ಘಕಾಲ ಇಡಲು ಯೋಗ್ಯವಲ್ಲ.

ಒಮ್ಮೆ ಚಾರ್ಜ್ ಮಾಡಿದರೆ ಸಾಮಾನ್ಯ ಕಾಂಪ್ಯಾಕ್ಟ್ 200ರಿಂದ 300 ಚಿತ್ರ ತೆಗೆಯಬಲ್ಲದು. ಎರಡು ದಿನದ ಪ್ರವಾಸಕ್ಕೆ ಹೆಚ್ಚುವರಿ ಬ್ಯಾಟರಿಯೊಂದು ಜೊತೆಗಿರಲಿ. ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿಯೇ ಒಯ್ಯಬೇಕು, ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಚಿತ್ರ ಉಳಿಯುವುದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದ ಹಾಗೂ ಎಲ್ಲರೂ ಮರೆಯುವ ಮಾತು ಇದು. ಈ ವರದಿಗಾರನ ಮನೆಯಲ್ಲಿ 2008ರಲ್ಲಿ ಅಜ್ಜಿಯೊಂದಿಗೆ ಧರ್ಮಸ್ಥಳ, ಹೊರನಾಡಿಗೆ ಹೋಗಿ ತೆಗೆದ ನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಕಂಪ್ಯೂಟರ್‌ಗೆ ಹಾಕಿಕೊಂಡಾಗಿದೆ ಎಂಬ ತಪ್ಪು ನಂಬಿಕೆಯಲ್ಲಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಮುಂದಿನ ಹಬ್ಬದ ಚಿತ್ರಗಳನ್ನು ಅದರ ಮೇಲೆ ತೆಗೆಯಲಾಯಿತು. ಅಜ್ಜಿಯ ಕಡೆಯ ಪ್ರವಾಸದ ಗುರುತಾಗಿ ಇಂದು ಉಳಿದಿರುವುದು, ಆಗಲೇ ಸ್ಟುಡಿಯೋದಲ್ಲಿ ಮುದ್ರಿಸಿದ್ದ 4x6 ಇಂಚಿನ ಒಂದೇ ಒಂದು ಪ್ರತಿ.

ಫಾರ್ಮ್ಯಾಟ್ ಮಾಡಿದಾಕ್ಷಣ ಚಿತ್ರಗಳು ಸಾಮಾನ್ಯವಾಗಿ ಪೂರ್ತಿ ಅಳಿಯುವುದಿಲ್ಲ. ಅವುಗಳ ವಿಳಾಸಪಟ್ಟಿ ಮಾತ್ರ ಅಳಿಯುತ್ತದೆ. ಅದರ ಮೇಲೆ ಹೊಸ ಚಿತ್ರ ತೆಗೆದಾಗ ಹಳೆಯದು ನಿಜಕ್ಕೂ ಹೋಗುತ್ತದೆ. ಆದ್ದರಿಂದ ತಪ್ಪಾಯಿತೆಂದು ತಿಳಿದ ಕೂಡಲೇ ಕಾರ್ಡನ್ನು ಹೊರತೆಗೆದು ಬದಿಗಿಡಬೇಕು. ಫೋಟೋರೆಕ್‌ನಂತಹ ಉಚಿತ ತಂತ್ರಾಂಶಗಳ ನೆರವಿನಿಂದ ಬಹಳಷ್ಟನ್ನು ಮರಳಿ ಪಡೆಯುವ ಸಾಧ್ಯತೆ ಇದೆ.

ಕಾರ್ಡನ್ನೇ ತಿಜೋರಿ ಎಂದು ಭಾವಿಸುವುದೂ ತಪ್ಪು. ಅದರಲ್ಲಿ ಚಿತ್ರ ಉಳಿದಿರುವುದು ಸೂಕ್ಷ್ಮ ವಿದ್ಯುದಂಶದ ರೂಪದಲ್ಲಿ. ವರ್ಷಗಟ್ಟಲೆ ಹಾಗೆಯೇ ಇಟ್ಟರೆ ಅದು ಮೆಲ್ಲಗೆ ಸೋರಿಹೋಗಬಹುದು. ಮನೆಯಲ್ಲಿ ಬರೆದಿಟ್ಟ ಸಿಡಿಗಳ ಬಣ್ಣದ ಪದರವೂ ಕಾಲಕ್ರಮೇಣ ಕೆಡುತ್ತದೆ. ಕಪಾಟಿನಲ್ಲಿ ಹಳೆಯ ಕಾರ್ಡ್, ಸಿಡಿ ಇರುವವರು ಇದೇ ವಾರ ಅವುಗಳನ್ನು ತೆರೆದು ನೋಡುವುದು ಒಳಿತು. ಮೂಲ ಕಡತಗಳನ್ನು ಎರಡು ಬೇರೆ ಬೇರೆ ಸಾಧನಗಳಿಗೆ ನಕಲಿಸಿ, ಅವುಗಳಲ್ಲಿ ಒಂದನ್ನು ಮತ್ತೊಂದು ಮನೆಯಲ್ಲಿ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದ್ದು ಮೂಲಪ್ರತಿಯಲ್ಲ. ಅಲ್ಲಿ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ವಿವರವೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಮೂಲ ಕಡತವೇ ತಲುಪುತ್ತದೆ.

ಕೊನೆಯದಾಗಿ, ಪ್ರತಿ ಪ್ರವಾಸದಿಂದ ಹತ್ತು ಚಿತ್ರಗಳನ್ನಾದರೂ ಆರಿಸಿ ಮುದ್ರಿಸಿ, ಬೆನ್ನಿಗೆ ಊರು, ವರ್ಷ, ನಿಂತವರ ಹೆಸರು ಬರೆದಿಡಿ. ಕ್ಯಾಮೆರಾ ಕೆಡಬಹುದು, ಅದರ ಕಾರ್ಡ್ ಮುಂದೊಂದು ದಿನ ಯಾವ ಯಂತ್ರಕ್ಕೂ ಹೊಂದದೆ ಹೋಗಬಹುದು. ಕಾಗದದ ಮೇಲಿನ ಚಿತ್ರವನ್ನು ನೋಡಲು ಚಾರ್ಜರ್ ಹುಡುಕಬೇಕಾಗಿಲ್ಲ.