ಕೆಂಪು ಚುಕ್ಕೆಯ ಸಾಕ್ಷ್ಯ: ಫ್ಲೋರೆಸೀನ್ ಆಂಜಿಯೋಗ್ರಫಿಯ ಆರಂಭ ಕುರಿತು ಒಂದು ಮರುಪರಿಶೀಲನೆ

ಮಧುಮೇಹಿಗಳ ರೆಟಿನಾ ಚಿತ್ರಣದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಫ್ಲೋರೆಸೀನ್ ಎಂಬ ಬಣ್ಣದ ಕಥೆಯನ್ನು 1961ರಿಂದ ಆರಂಭಿಸುತ್ತಾರೆ. ಇಂಡಿಯಾನಾ ವಿಶ್ವವಿದ್ಯಾಲಯದ ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ತಮ್ಮ ಲೇಖನ ಪ್ರಕಟಿಸಿದ್ದು ಆ ವರ್ಷ. ಈ ಬಣ್ಣವನ್ನು ರೆಟಿನಾ ಪರೀಕ್ಷೆಗೆ ತಂದ ಮೊದಲಿಗರು ಇವರೇ ಎಂಬ ಮಾತು ಒಂದು ಸಮೀಕ್ಷೆಯಿಂದ ಇನ್ನೊಂದಕ್ಕೆ ಪರಿಶೀಲನೆಯಿಲ್ಲದೆ ದಾಟಿದೆ. ಅದು ತಪ್ಪು. 1959ರಲ್ಲೇ ಫ್ಲಾಕ್ಸ್, ಮಿಲ್ಲರ್, ಚಾವೊ ಅವರು ಬೆಕ್ಕಿನ ರೆಟಿನಾದಲ್ಲಿ ಬಣ್ಣ ಹರಿಯುವುದನ್ನು ಚಲನಚಿತ್ರವಾಗಿ ಸೆರೆಹಿಡಿದಿದ್ದರು. 1960ರಲ್ಲಿ ಮೆಕ್ಲೀನ್ ಮತ್ತು ಮೌಮನೀ ರೋಗಿಗಳ ರಕ್ತನಾಳಕ್ಕೆ ಫ್ಲೋರೆಸೀನ್ ಚುಚ್ಚಿ, ನೀಲಿ ಬೆಳಕಿನಲ್ಲಿ ಕಣ್ಣಿನ ಒಳಗನ್ನು ಪರೀಕ್ಷಿಸಿದ್ದರು.

ಹಾಗೆಂದು ಆಗ ವಿದ್ಯಾರ್ಥಿಗಳಾಗಿದ್ದ ನೊವೊಟ್ನಿ ಮತ್ತು ಆಲ್ವಿಸ್ ಅವರದು ಬರಿಯ ಪುನರಾವರ್ತನೆ ಎನ್ನುವುದು ಇನ್ನೂ ದೊಡ್ಡ ತಪ್ಪು. ಫ್ಲೋರೆಸೀನ್ ನೀಲಿ ಬೆಳಕನ್ನು ಹೀರಿ ಹಸಿರು ಬೆಳಕನ್ನು ಹೊರಸೂಸುತ್ತದೆ. ಅವರು ಫ್ಲ್ಯಾಶಿನ ಮುಂದೆ ಒಂದು ಫಿಲ್ಟರ್, ಫಿಲ್ಮಿನ ಮುಂದೆ ಇನ್ನೊಂದು ಫಿಲ್ಟರ್ ಇಟ್ಟು, ಬಣ್ಣ ಬೀರಿದ ಬೆಳಕು ಮಾತ್ರ ಚಿತ್ರದಲ್ಲಿ ಉಳಿಯುವಂತೆ ಮಾಡಿದರು. ವೈದ್ಯನೊಬ್ಬನ ಕಣ್ಣಿಗೆ ಕ್ಷಣಕಾಲ ಕಂಡು ಮರೆಯಾಗುತ್ತಿದ್ದುದು ಇದರಿಂದ ಯಾರು ಬೇಕಾದರೂ ಮತ್ತೆ ತೆಗೆದು ನೋಡಬಹುದಾದ ದಾಖಲೆಯಾಯಿತು. ಶೋಧವಿರುವುದು ಇಲ್ಲಿ, ಚುಚ್ಚುಮದ್ದಿನಲ್ಲಲ್ಲ.

ಮಧುಮೇಹದ ಮಟ್ಟಿಗೆ ಇದರ ಬೆಲೆ ತಿಳಿಯಲು ರೆಟಿನಾದ ಒಂದು ಕೆಂಪು ಚುಕ್ಕೆ ಸಾಕು. ಇಂಥ ಚುಕ್ಕೆಗಳಲ್ಲಿ ಅನೇಕವು ರಕ್ತಸ್ರಾವವಲ್ಲ, ಲೋಮನಾಳಗಳ ಉಬ್ಬುಗಳು ಎಂದು ಗ್ಲಾಸ್ಗೋದ ಬ್ಯಾಲಂಟೈನ್ ಮತ್ತು ಲೋವೆನ್‌ಸ್ಟೈನ್ 1943ರಲ್ಲಿ ತೋರಿಸಿದರು. ಆದರೆ ಅವರ ಸಾಕ್ಷ್ಯ ಮೃತರ ಕಣ್ಣುಗಳಿಂದ ಬಂದದ್ದು. ಬದುಕಿರುವ ರೋಗಿಯ ಸಾಮಾನ್ಯ ಬಣ್ಣದ ಛಾಯಾಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಫ್ಲೋರೆಸೀನ್ ಆಂಜಿಯೋಗ್ರಾಮಿನಲ್ಲಿ ಉಬ್ಬು ಬೆಳಗುತ್ತದೆ. ಸೋರಿದ ರಕ್ತ ತನ್ನ ಹಿಂದಿನ ಹೊಳಪನ್ನು ಮರೆಮಾಡಿ ಕಪ್ಪಾಗಿ ನಿಲ್ಲುತ್ತದೆ. (ಹೆಪ್ಪುಗಟ್ಟಿದ ಉಬ್ಬು ಬೆಳಗದು ಎಂಬ ಆಕ್ಷೇಪ ನ್ಯಾಯವಾದದ್ದು. ಅದು ಪರೀಕ್ಷೆಯ ಮಿತಿಯನ್ನು ತೋರಿಸುತ್ತದೆ, ತತ್ತ್ವವನ್ನು ಅಲುಗಿಸುವುದಿಲ್ಲ.)

ಹೀಗಿದ್ದರೂ, ಮಧುಮೇಹಿಗಳ ರೆಟಿನಾ ರೋಗದ ಇಟಿಡಿಆರ್‌ಎಸ್ ಅಧ್ಯಯನ 1991ರಲ್ಲಿ ಪ್ರಕಟಿಸಿದ ಶ್ರೇಣಿಕ್ರಮ ಏಳು ಕ್ಷೇತ್ರಗಳ ಬಣ್ಣದ ಸ್ಟೀರಿಯೊ ಚಿತ್ರಗಳನ್ನೇ ಆಧರಿಸಿತು. ಅಲ್ಲಿ 125 ಮೈಕ್ರಾನಿಗಿಂತ ಚಿಕ್ಕದಾದ, ಅಂಚು ಸ್ಪಷ್ಟವಾದ ಕೆಂಪು ಚುಕ್ಕೆಯನ್ನು ಉಬ್ಬೆಂದು ಎಣಿಸುತ್ತಾರೆ. ಸಾವಿರಾರು ಚಿತ್ರಗಳನ್ನು ಒಂದೇ ಅಳತೆಯಲ್ಲಿ ಅಳೆಯಲು ಇಂಥ ನಿಯಮ ಅಗತ್ಯವಿತ್ತು. ಆದರೆ ನಿಯಮ ನಿಯಮವೇ, ಅದು ಪುರಾವೆಯಲ್ಲ. ಬಣ್ಣದ ಚಿತ್ರಗಳ ಶ್ರೇಣೀಕರಣದಿಂದಲೇ ಕಲಿಯುವ ಇಂದಿನ ಕಂಪ್ಯೂಟರ್ ವಿಧಾನಗಳನ್ನು ಹೊಗಳುವವರು ಈ ಅಂತರವನ್ನು ಹೇಳದೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಬಣ್ಣ ಚುಚ್ಚದೆಯೇ ರಕ್ತದ ಚಲನೆಯನ್ನು ತೋರಿಸುವ ಒಸಿಟಿ ಆಂಜಿಯೋಗ್ರಫಿ ಬಂದ ಮೇಲೆ ಫ್ಲೋರೆಸೀನ್ ಹಳತಾಯಿತು ಎನ್ನುವವರೂ ಇದ್ದಾರೆ. ಆದರೆ ಒಸಿಟಿ ಆಂಜಿಯೋಗ್ರಫಿಯಲ್ಲಿ ಸೋರಿಕೆ ಕಾಣದು. ರಕ್ತ ತೀರ ನಿಧಾನವಾಗಿ ಹರಿಯುವ ಉಬ್ಬುಗಳು ತಪ್ಪಿಹೋಗಬಹುದು. ಮುಂದಿನ ಇತಿಹಾಸಕಾರರು 1959, 1960, 1961ರ ಮೂರೂ ಲೇಖನಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಲಿ. ಯಾರ ಪಾಲು ಎಷ್ಟು ಎಂಬುದನ್ನು ಆ ಮೇಲೆ ಬರೆಯಲಿ.