ಕಡತದ ಕಪ್ಪು, ಹುಣಸೆಬೀಜದ ಅಂಟು

ಕಾಗದದ ಖಾತೆಪುಸ್ತಕ ಬಳಕೆಗೆ ಬರುವ ಮುಂಚೆ ಕನ್ನಡ ಸೀಮೆಯ ವರ್ತಕರು ಲೆಕ್ಕ ಬರೆಯುತ್ತಿದ್ದುದು ಬಟ್ಟೆಯ ಮೇಲೆ, ಕಡತದಲ್ಲಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸಗ್ರಂಥದಲ್ಲಿ ಅದನ್ನು ವಿವರಿಸಿದ್ದಾನೆ. ಒಂದಡಿಯೊಳಗಿನ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಯ ಎರಡೂ ಬದಿಗೆ ಗಂಜಿ ಮತ್ತು ಇದ್ದಿಲಪುಡಿ ಬಳಿದು ಒಣಗಿಸಬೇಕು. ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ತುದಿಗಳಿಗೆ ಮರದ ಹಲಗೆ ಕೂರಿಸಬೇಕು. ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ನೂರಾರು ಉಳಿದುಬಂದಿವೆ.

ಆ ಗಂಜಿ ಹುಣಸೆಬೀಜದ್ದು. ರಸಾಯನಶಾಸ್ತ್ರದ ಮೇಷ್ಟ್ರಾದ ನನಗೆ ಕಡತದಲ್ಲಿ ಅಕ್ಷರಕ್ಕಿಂತ ಅದೇ ಮುಖ್ಯವಾಗಿ ಕಾಣುತ್ತದೆ. ಇಂಗಾಲಕ್ಕೆ ನೀರು ಕಂಡರಾಗದು. ತರಗತಿಯಲ್ಲಿ ಒಂದು ಲೋಟ ನೀರಿಗೆ ದೀಪದ ಮಸಿ ಉದುರಿಸಿ ತೋರಿಸುತ್ತಿದ್ದೆ: ಮಸಿ ಮೇಲೆಯೇ ತೇಲುತ್ತದೆ, ಕಲಕಿದರೆ ಬೆರಳಿಗೆ ಮೆತ್ತುತ್ತದೆಯೇ ಹೊರತು ನೀರಿಗೆ ಸೇರುವುದಿಲ್ಲ. ಅದನ್ನೇ ಗೋಂದಿನ ನೀರಿನಲ್ಲಿ ಅರೆದರೆ ಶಾಯಿ. ಗೋಂದಾಗಲಿ ಹುಣಸೆಬೀಜದ ಅಂಟಾಗಲಿ ಸಕ್ಕರೆಯ ಅಣುಗಳು ಸಾಲುಗಟ್ಟಿ ಆದವು. ಅವು ಮಸಿಯ ಕಣಗಳನ್ನು ಸುತ್ತಿಕೊಂಡು, ಒಂದಕ್ಕೊಂದು ಅಂಟದಂತೆ ತಡೆಯುತ್ತವೆ.

ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ವಿವರಿಸಿದ ಕಾರ್ಬನ್ ನ್ಯಾನೊಟ್ಯೂಬ್‌ಗಳದ್ದೂ ಇದೇ ಹಠ. ಕೂದಲಿಗಿಂತ ಸಾವಿರಾರು ಪಟ್ಟು ಸಪೂರವಾದ ಆ ಕೊಳವೆಗಳು ನೀರಿನಲ್ಲಿ ಕಂತೆಗಟ್ಟಿ ಕೂರುತ್ತವೆ. 2002ರಲ್ಲಿ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ತಂಡ ಅವನ್ನು ಬಿಡಿಸಲು ಬಳಸಿದ್ದು ಗಮ್ ಅರೇಬಿಕ್, ಹಳೆಯ ಶಾಯಿಯ ಅದೇ ಗೋಂದು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಫ್ರೇಸರ್ ಸ್ಟಾಡರ್ಟ್ ತಂಡ ಪಿಷ್ಟವನ್ನು ಹಿಡಿಯಿತು. ಪಿಷ್ಟಕ್ಕೆ ಅಯೋಡಿನ್ ಬಿದ್ದರೆ ನೀಲಿಯಾಗುವುದನ್ನು ಹೈಸ್ಕೂಲಿನಲ್ಲಿ ನೋಡಿದ್ದೇವಲ್ಲ, ಅಲ್ಲಿ ಅಯೋಡಿನ್ ಪಿಷ್ಟದ ಸುರುಳಿಯೊಳಗೆ ಹೊಕ್ಕಿರುತ್ತದೆ. ಅದರ ಜಾಗಕ್ಕೆ ನ್ಯಾನೊಟ್ಯೂಬ್ ಸೇರಿಕೊಂಡು ನೀರಿನಲ್ಲಿ ನಿಂತಿತು. ಪಿಷ್ಟವನ್ನು ಒಡೆಯುವ ಕಿಣ್ವ ಹಾಕಿದಾಗ ಹೊದಿಕೆ ಕಳಚಿ, ಕೊಳವೆಗಳು ತಳಕ್ಕಿಳಿದವು.

ಹಾಗೆಂದು ನ್ಯಾನೊ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿತ್ತೆಂದು ಎದೆ ತಟ್ಟಿಕೊಳ್ಳಬೇಕಿಲ್ಲ. ಇದ್ದಿಲು ನ್ಯಾನೊಟ್ಯೂಬ್ ಅಲ್ಲ, ಕಡತದ ಅಂಟಿನ ಕೆಲಸವೂ ಬಟ್ಟೆಯ ಮೇಲೆಯೇ ಮುಗಿಯುತ್ತಿತ್ತು. ಆದರೆ ಇಂದಿನ ಸಂಶೋಧಕರು ಸಿಗಡಿಯ ಚಿಪ್ಪಿನಿಂದ ತೆಗೆದ, ಇದೇ ಬಗೆಯ ಸಕ್ಕರೆಯ ಸಾಲಾದ ಕೈಟೋಸಾನ್ ಜೊತೆ ಈ ಕೊಳವೆಗಳನ್ನು ಬೆರೆಸಿ, ಮೂಳೆಯ ಜೀವಕೋಶಗಳು ಬೆಳೆಯಲು ಆಸರೆ ಕಟ್ಟುತ್ತಿದ್ದಾರೆ. ನಮ್ಮ ಮೈಯಲ್ಲೂ ಕಿಣ್ವಗಳಿವೆ. ಅವು ಸಕ್ಕರೆಯ ಹೊದಿಕೆಯನ್ನು ತಿಂದು ಮುಗಿಸಿದ ಮೇಲೆ ಉಳಿಯುವ ಬರಿ ಇಂಗಾಲದ ಗತಿಯೇನು? ಉದ್ದನೆಯ ನ್ಯಾನೊಟ್ಯೂಬ್‌ಗಳು ಇಲಿಗಳಲ್ಲಿ ಕಲ್ನಾರಿನಂತೆ ಉರಿಯೂತ ತಂದದ್ದು 2008ರಲ್ಲೇ ವರದಿಯಾಗಿದೆ. ಈ ಪ್ರಶ್ನೆಯನ್ನು ಕಡತ ಮಾಡುವವನು ಕೇಳಿಕೊಳ್ಳಬೇಕಿರಲಿಲ್ಲ. ಮೈಯೊಳಗೆ ಇಡುವ ವಸ್ತು ಮಾಡುವವರು ಮೊದಲು ಕೇಳಬೇಕಾದದ್ದೇ ಇದು.