ಒಂದು ಪದ್ಯಕ್ಕೆ ಬೆಲೆ ಕಟ್ಟುವ ಬಗೆ

ಒಬ್ಬ ಹಾಡುಗಾರನ ಒಂದೇ ಹಾಡನ್ನು ಹಿಡಿದು ಗುಣದೋಷ ಎಣಿಸುವುದು ಧ್ವನಿಮುದ್ರಣದ ಕಾಲದಲ್ಲಿ ಹುಟ್ಟಿದ ರೂಢಿ ಎಂಬ ನಂಬಿಕೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಯಕ್ಷಗಾನದ ಮುಂದೆ ನಿಲ್ಲುವುದಿಲ್ಲ. ಬೆಳಗಿನವರೆಗೆ ಆಟ ನೋಡಿದವರ ಚರ್ಚೆ ಇಲ್ಲಿ ಎಷ್ಟೋ ಸಲ ಭಾಗವತರ ಒಂದು ಪದ್ಯದ ಸುತ್ತಲೇ ಸುತ್ತುತ್ತದೆ. ಪ್ರಸಂಗದ ಪುಸ್ತಕದಲ್ಲಿ ಸಾಮಾನ್ಯವಾಗಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳ ಅಚ್ಚಾಗಿರುತ್ತವೆ. ಭಾಗವತರು ರಂಗದ ಅಗತ್ಯ ನೋಡಿ ರಾಗ ಬದಲಿಸುವುದೂ ಉಂಟು. ಬದಲಿಸಿದ್ದು ಸರಿಯೇ, ಪದ್ಯ ಆರಂಭಿಸುವ ಎತ್ತುಗಡೆ ಬಿಗಿಯಾಗಿತ್ತೇ, ವೇಷಧಾರಿಯ ಅಭಿನಯಕ್ಕೆಂದು ಅದೇ ಸಾಲನ್ನು ಮತ್ತೆ ಮತ್ತೆ ಹಾಡಿದಾಗ ಭಾವ ಏರಿತೇ, ಮದ್ದಲೆ ಕೂಡಿಬಂತೇ ಎಂಬ ಪ್ರಶ್ನೆಗಳೇ ಈ ವಿಮರ್ಶೆಯ ಅಳತೆಗೋಲು. ಅದರಲ್ಲಿ ಕಂಠದ ಇಂಪು ಒಂದು ಅಂಶ ಮಾತ್ರ.

ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇದಕ್ಕೆ ಒಳ್ಳೆಯ ಸಾಕ್ಷಿ. ಆ ಮೇಳದಲ್ಲಿ ದೀರ್ಘಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರ ಹೆಸರನ್ನು ರಸಿಕರು ಕೆರೆಮನೆ ಶಂಭು ಹೆಗಡೆಯವರ ಅಭಿನಯದೊಂದಿಗೆ ಜೋಡಿಸಿಯೇ ನೆನೆಯುತ್ತಾರೆ. ಪಾತ್ರದ ಮನಸ್ಸಿಗೆ ಎಡೆ ಬಿಟ್ಟು, ಆಲಾಪದ ಆಸೆಯನ್ನು ಹಿಡಿತದಲ್ಲಿಟ್ಟು ಹಾಡುವ ಭಾಗವತಿಕೆ ನೆಬ್ಬೂರರದು. ಕಣ್ಣು ಮುಚ್ಚಿ ಕೇಳಿದರೆ ಸಪ್ಪೆ ಎನಿಸಬಹುದಾದ ಸಾಲು ವೇಷದ ಎದುರು ತುಂಬಿಕೊಳ್ಳುತ್ತದೆ.

ಕ್ಯಾಸೆಟ್ ಬಂದ ಮೇಲೆ ಪದ್ಯ ರಂಗದಿಂದ ಬೇರೆಯಾಯಿತು. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರೂ ಅವರ ದನಿ ಕ್ಯಾಸೆಟ್ಟುಗಳಲ್ಲಿ ಕರಾವಳಿಯ ಮನೆಮನೆಯಲ್ಲಿ ಉಳಿಯಿತು. ಆಟ ನೋಡದವರನ್ನೂ ಹಿಡಿದಿಟ್ಟ ಆ ಹಾಡುಗಾರಿಕೆಗೆ ರಂಗದ ಊರುಗೋಲು ಯಾಕೆ ಎಂದು ಕೇಳಬಹುದು. ಹಾಡುಗಾರಿಕೆಗೇ ಮೀಸಲಾದ ಗಾನವೈಭವದ ವೇದಿಕೆಯಲ್ಲಿ ವೇಷವೇ ಇಲ್ಲದೆ ಪದ್ಯ ರಂಜಿಸುವುದನ್ನೂ ತೋರಿಸಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಗಾನವೈಭವಕ್ಕೆಂದೇ ಹಾಡಿದ್ದನ್ನು ಗಾಯನವೆಂದೇ ಅಳೆಯುವುದು ನ್ಯಾಯ. ಆದರೆ ಆಟದಲ್ಲಿ ಹಾಡಿದ ಪದ್ಯವನ್ನು ಮೂರು ನಿಮಿಷಕ್ಕೆ ಕತ್ತರಿಸಿ ಮೊಬೈಲಿನಲ್ಲಿ ಕೇಳಿ, ಹಾಡಿದವರು ಹವ್ಯಾಸಿಯೇ ಇರಲಿ, ಮೇಳದವರೇ ಇರಲಿ, ತೀರ್ಪು ಕೊಡುವುದು ಅರ್ಧ ಸಾಕ್ಷಿ ಕೇಳಿದ ನ್ಯಾಯ. ನಾವಡರ ಏರುದನಿಯನ್ನು ಅನುಕರಿಸಿದವರು ಅನೇಕರು. ಆದರೆ ಪ್ರಸಂಗದ ನಡೆಯನ್ನು ಕೈಯಲ್ಲಿಟ್ಟುಕೊಳ್ಳುವುದು ಕ್ಯಾಸೆಟ್ ಕೇಳಿದ್ದರಿಂದ ಬರುವ ವಿದ್ಯೆಯಲ್ಲ. ಹಾಗಾಗಿ ಪದ್ಯದ ತುಣುಕು ಹಂಚುವವರೂ ಅದರ ಬಗ್ಗೆ ಬರೆಯುವವರೂ ಪ್ರಸಂಗ, ಸನ್ನಿವೇಶ, ಎದುರಿಗಿದ್ದ ವೇಷಧಾರಿ, ಮದ್ದಲೆ ಮತ್ತು ಚಂಡೆಯವರ ಹೆಸರು ಇಷ್ಟನ್ನಾದರೂ ಜೊತೆಗೆ ಕೊಡಲಿ.